ಊದುಗೊಳವೆಯ ಮೊಮ್ಮಗಳು

ಯಂಗಳ ಮಾಣಿ ಮೊನ್ನೆ ಒಂದು ಗ್ಯಾಸ್ ಟಾರ್ಚ್ ತಂದ. ಗುಂಡಿ ಒತ್ತಿರೆ ನೀಲಿ ಬೆಂಕಿ ಭುಸ್ ಹೇಳಿ ಬತ್ತು. ಹೊಸದು ಹೇಳಿ ಹೆದರಡಿ, ಇದು ನಮ್ಮ ಊದುಗೊಳವೆಯದೇ ವಂಶ. ಬೆಂಕಿಗೆ ಗಾಳಿ ಕೊಟ್ಟರೆ ಬಿಸಿ ಏರ್ತು, ಅಷ್ಟೇ ಗುಟ್ಟು.

ಅಂಗಳದಲ್ಲಿ ತಿದಿ ಒತ್ತುತಿದ್ದ ಕಲಾಯಿಯವಂಗೂ ಇದೇ ಗುಟ್ಟು. ತವರ ಕರಗೂದು 232 ಡಿಗ್ರಿಗೆ. ತಪ್ಪಲೆ ಕಾಯಿಸಿ, ನವಸಾಗರ ಉದುರಿಸಿ, ತವರ ತಾಗಿಸಿ, ಅರಳೆಯಿಂದ ಒರೆಸಿರೆ ಹಿತ್ತಾಳೆ ಒಳಗೆ ಬೆಳ್ಳಿ ಹಾಂಗೆ ಆಗ್ತು.

1882ರಲ್ಲಿ ಸ್ವೀಡನ್ನಿನ ನೈಬರ್ಗ್ ಬ್ಲೋಲ್ಯಾಂಪ್ ಮಾಡಲೆ ಶುರು ಮಾಡಿದ. ಅದೇ ದೇಶದ ಲಿಂಡ್‌ಕ್ವಿಸ್ಟ್ 1892ರಲ್ಲಿ ಪ್ರೈಮಸ್ ಒಲೆ ತಂದ. ನಮ್ಮ ಪಂಪ್ ಸ್ಟೋವ್ ಅದರ ಸಂತಾನ. ಗ್ಯಾಸ್ ಟಾರ್ಚಿಗೆ ಪಂಪೂ ಬೇಡ, ಗ್ಯಾಸಿನ ರಭಸವೇ ಗಾಳಿ ಎಳಕತ್ತು.

ತಗಳದಾದ್ರೆ ಬ್ಯುಟೇನ್ ಡಬ್ಬಿದು ಸಾಕು. ಪ್ರೊಪೇನ್ ಮೈನಸ್ 42 ಡಿಗ್ರಿಲೂ ಆವಿ ಆಗ್ತು, ಬ್ಯುಟೇನ್ ಸೊನ್ನೆ ಹತ್ರ ಸೋಲ್ತು. ತೀರ್ಥಹಳ್ಳಿ ಚಳಿ ಅಲ್ಲಿವರೆಗೆ ಇಳಿತಿಲ್ಲೆ. ಹಚ್ಚಿದ ಮೇಲೆ ತಲೆಕೆಳಗೆ ಹಿಡಿಯಲಾಗ, ದ್ರವವೇ ಬಂದು ಬೆಂಕಿ ಭಗ್ ಹೇಳ್ತು. ನವಸಾಗರದ ಹೊಗೆ ಗಂಟಲು ಹಿಡಿತು, ಅಂಗಳದಲ್ಲೇ ಮಾಡಿ.

ಕಲಾಯಿಯವ ಈಗ ಬತ್ನಿಲ್ಲೆ. ಕಲಾಯಿ ಹೋದ ಪಾತ್ರೆಲಿ ಹುಳಿ ಮಾಡಿರೆ ಕಿಲುಬು ಹೊಟ್ಟೆಗೆ. ಅಟ್ಟ ಸೇರಿದ್ದ ಅಮ್ಮಮ್ಮನ ತಪ್ಪಲೆಗೆ ಮೊನ್ನೆ ನಾನೇ ಕಲಾಯಿ ಹಾಕಿದಿ. ಅಲ್ಲಲ್ಲಿ ಗಂಟು ನಿಂತಿದ್ದು. ಆದರೂ ನಿನ್ನೆ ಅದರಲ್ಲೇ ಹುಳಿ ಕುದಿಸಿದಿ.