ತೊಗರಿ ಹೊಲದಿಂದ ದಾಲ್‌ಮಿಲ್‌ವರೆಗೆ: ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಎಐ ಯಾರ ಕೆಲಸ ಬದಲಿಸುತ್ತಿದೆ?

ಕಲಬುರಗಿ: ಎಐ ಅಂದ್ರೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಮಾತು, ನಮ್ಮ ಕಡೆ ಅದಕ್ಕೇನು ಕೆಲಸ ಅಂತ ಬಹಳ ಮಂದಿ ತಿಳಿದಿದ್ದಾರೆ. ಆದರೆ ಬೆಳೆ ವಿಮೆ, ಅಂಗನವಾಡಿ ರೇಷನ್, ಗಂಜ್‌ನಲ್ಲಿ ತೊಗರಿಯ ರೇಟು, ಇವೆಲ್ಲದರ ನಡುವೆ ಕ್ಯಾಮೆರಾ ಮತ್ತು ಕಂಪ್ಯೂಟರ್ ಲೆಕ್ಕ ಈಗಾಗಲೇ ಬಂದು ಕುಳಿತಿದೆ. ಯಾವ ಕೆಲಸ ಹೋಯ್ತು, ಯಾವುದು ಹೊಸದಾಗಿ ಬಂತು, ರೈತರು ಎಲ್ಲಿ ಹುಷಾರಿರಬೇಕು ಎಂಬುದರ ಮಾಹಿತಿ ಇಲ್ಲಿದೆ.

ರೇಟು ಹೇಳುವ ಯಂತ್ರ ಮೊದಲು ಹಿಡಿದಿದ್ದೇ ತೊಗರಿಯನ್ನು

ರಾಜ್ಯದ ಕೃಷಿಯಲ್ಲಿ ಎಐ ಬಳಸುವ ಮಾತು ಹೊಸದಲ್ಲ. ಕರ್ನಾಟಕ ಕೃಷಿ ಬೆಲೆ ಆಯೋಗ 2017ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಜೊತೆ ಒಪ್ಪಂದ ಮಾಡಿಕೊಂಡಿತು. ಬಿತ್ತನೆ ಪ್ರದೇಶ, ಹವಾಮಾನ, ಹಿಂದಿನ ವರ್ಷಗಳ ಬೆಲೆ ಇಂಥವನ್ನೆಲ್ಲ ಸೇರಿಸಿ ಮುಂದಿನ ರೇಟು ಅಂದಾಜು ಮಾಡುವ ಯೋಜನೆ ಅದು. ಪ್ರಯೋಗಕ್ಕೆ ಮೊದಲು ಆರಿಸಿದ ಬೆಳೆ ತೊಗರಿ. ಕಾರಣ ನಮ್ಮ ಜಿಲ್ಲೆಯ ರೈತರಿಗೆ ಹೇಳಬೇಕಾಗಿಲ್ಲ. 2015ರಲ್ಲಿ ಕ್ವಿಂಟಲ್‌ಗೆ 10 ಸಾವಿರ ದಾಟಿದ್ದ ತೊಗರಿ, ಮರುವರ್ಷ ಎಲ್ಲರೂ ಬಿತ್ತಿದ ಮೇಲೆ ₹5,050 ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು.

ಮಳೆ, ಬಿತ್ತನೆ, ಆವಕ ಇವುಗಳ ಲೆಕ್ಕ ಯಂತ್ರಕ್ಕೆ ಸಿಗುತ್ತದೆ. ಆಫ್ರಿಕಾ, ಮ್ಯಾನ್ಮಾರ್‌ನಿಂದ ತೊಗರಿ ತರಿಸಲು ದಿಲ್ಲಿಯಲ್ಲಿ ಯಾವಾಗ ಸಹಿ ಬೀಳುತ್ತದೆ ಅನ್ನೋದು ಸಿಗುವುದಿಲ್ಲ. ತೊಗರಿಯ ಸುಂಕರಹಿತ ಆಮದಿಗೆ 2026ರ ಮಾರ್ಚ್‌ವರೆಗೆ ಅವಕಾಶ ವಿಸ್ತರಿಸಿದ ಆದೇಶ ಹೊರಬಿದ್ದಿದ್ದು 2025ರ ಜನವರಿಯಲ್ಲಿ, ಅಂದ್ರೆ ನಮ್ಮಲ್ಲಿ ರಾಶಿ ನಡೆಯುವ ತಿಂಗಳಲ್ಲೇ. ಹಾಗಾಗಿ ಮೊಬೈಲ್‌ನಲ್ಲಿ ಬರುವ 'ಮುಂದಿನ ತಿಂಗಳ ರೇಟು' ನಂಬಿ ಮಾಲು ಮನೆಯಲ್ಲಿಡುವ ಮುನ್ನ ಅಡತಿ ಅಂಗಡಿಯವರನ್ನೂ ಒಂದು ಮಾತು ಕೇಳುವುದು ಒಳ್ಳೆಯದು.

ಫೋಟೊ ತಗೊಳ್ಳುವ ಹುಡುಗನ ಕೈಯಲ್ಲಿ ವಿಮೆ

ಮೂರೂ ತಾಲೂಕಿನಲ್ಲಿ ಕೆಲಸದ ರೀತಿ ಹೆಚ್ಚು ಬದಲಾಗಿದ್ದು ಬೆಳೆ ಸಮೀಕ್ಷೆಯಲ್ಲಿ. ಮೊದಲು ಗ್ರಾಮ ಲೆಕ್ಕಿಗರು ಚಾವಡಿಯಲ್ಲೇ ಕುಳಿತು ಪಹಣಿಯ ಬೆಳೆ ಕಾಲಂ ತುಂಬುತ್ತಾರೆ ಎಂಬ ದೂರು ಸಾಮಾನ್ಯವಾಗಿತ್ತು. ಈಗ ಊರಿನ ಯುವಕರೇ 'ಪಿಆರ್' ಹೆಸರಿನಲ್ಲಿ ಹೊಲ ಹೊಲಕ್ಕೆ ಹೋಗಿ ಆ್ಯಪ್‌ನಲ್ಲಿ ಸರ್ವೆ ನಂಬರ್ ತೆಗೆದು, ಗಡಿಯೊಳಗೆ ನಿಂತು ಫೋಟೊ ತೆಗೆಯುತ್ತಾರೆ. ರೈತರೇ ತಮ್ಮ ಹೊಲದ ಫೋಟೊ ಹಾಕಲೂ ಅವಕಾಶವಿದೆ. ಮೇಲ್ವಿಚಾರಕರು ಅದನ್ನು ನೋಡಿ ಒಪ್ಪುತ್ತಾರೆ. ಬೆಂಬಲ ಬೆಲೆ ಖರೀದಿ, ಬೆಳೆಹಾನಿ ಪರಿಹಾರ, ವಿಮೆ ಎಲ್ಲಕ್ಕೂ ಈ ದಾಖಲೆಯೇ ಆಧಾರ.

ನಮ್ಮ ಕಡೆ ತೊಡಕು ಬರುವುದು ಅಕ್ಕಡಿ ಬೆಳೆಯಲ್ಲಿ. ತೊಗರಿ ಸಾಲಿನ ನಡುವೆ ಹೆಸರು, ಉದ್ದು, ಇಲ್ಲವೇ ಸಜ್ಜಿ ಹಾಕುವ ಪದ್ಧತಿ ಹಳೆಯದು. ಆಗಸ್ಟ್‌ನಲ್ಲಿ ಫೋಟೊ ತೆಗೆದರೆ ಹೆಸರೇ ಕಾಣುತ್ತದೆ, ತೊಗರಿ ಇನ್ನೂ ಗಿಡ್ಡ. ಅಕ್ಟೋಬರ್‌ನಲ್ಲಿ ತೆಗೆದರೆ ಬರೀ ತೊಗರಿ. ವಿಮೆ ಕಟ್ಟಿದ ಬೆಳೆ ಒಂದು, ಸಮೀಕ್ಷೆಯಲ್ಲಿ ಬಂದ ಬೆಳೆ ಇನ್ನೊಂದು ಆದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಇದನ್ನು ತಡೆಯಲು 'ಬೆಳೆ ದರ್ಶಕ್' ಆ್ಯಪ್‌ನಲ್ಲಿ ತಮ್ಮ ಸರ್ವೆ ನಂಬರ್ ಹಾಕಿ, ಯಾವ ಬೆಳೆ ದಾಖಲಾಗಿದೆ ಅಂತ ನೋಡಬೇಕು. ತಪ್ಪಿದ್ದರೆ ಕೊಟ್ಟ ಗಡುವಿನೊಳಗೆ ಅಲ್ಲೇ ಆಕ್ಷೇಪಣೆ ಸಲ್ಲಿಸಬಹುದು. ವಿಮೆ ಹಣ ಬರದೆ ಇದ್ದಾಗ ಓಡಾಡುವುದಕ್ಕಿಂತ ಈ ಐದು ನಿಮಿಷದ ಕೆಲಸ ಹಗುರ.

ಇಲ್ಲಿಯವರೆಗೆ ಫೋಟೊ ನೋಡುವವರು ಮನುಷ್ಯರು. ಮುಂದೆ ಹಾಗಿರಲಿಕ್ಕಿಲ್ಲ. ಫಸಲ್ ಬಿಮಾ ಯೋಜನೆಯಡಿ ಕೇಂದ್ರ ಸರ್ಕಾರ 2023ರ ಮುಂಗಾರಿನಿಂದ ಉಪಗ್ರಹ ಚಿತ್ರ ಆಧರಿಸಿದ ಇಳುವರಿ ಅಂದಾಜನ್ನು 'ಯೆಸ್-ಟೆಕ್' ಹೆಸರಿನಲ್ಲಿ ಜಾರಿಗೆ ತಂದಿದೆ. ಮೊದಲ ಹಂತದಲ್ಲಿ ಭತ್ತ ಮತ್ತು ಗೋಧಿ. ಬೆಳೆ ಕಟಾವು ಪ್ರಯೋಗದ ಜೊತೆಗೆ ಇದಕ್ಕೆ ಕನಿಷ್ಠ ಶೇ 30ರಷ್ಟು ತೂಕ. 2025ರಲ್ಲಿ 'ಕ್ರಾಪಿಕ್' ಯೋಜನೆ ಬಂತು. ಇದರಲ್ಲಿ ಒಂದೇ ಹಂಗಾಮಿನಲ್ಲಿ ನಾಲ್ಕೈದು ಸಲ ಬೆಳೆಯ ಫೋಟೊ ತೆಗೆದು, ಬೆಳೆ ಯಾವುದು, ಹಾನಿ ಎಷ್ಟು ಎಂದು ಎಐ ಗುರುತಿಸಬೇಕು. ಅಕ್ಕಡಿ ಹೊಲವನ್ನು ಅದು ಹೇಗೆ ಓದುತ್ತದೆ ಎಂಬುದೇ ನಮ್ಮ ಜಿಲ್ಲೆಗೆ ದೊಡ್ಡ ಪ್ರಶ್ನೆ.

ಒಣಗಿದ ಗಿಡ ಕಾಣುತ್ತೆ, ಕಾರಣ ಕಾಣಲ್ಲ

2022ರ ಹಂಗಾಮಿನಲ್ಲಿ ನೆಟೆ ರೋಗ ಬಂದು ಜಿಲ್ಲೆಯ ತೊಗರಿ ಹಾಳಾಗಿದ್ದು ಯಾರೂ ಮರೆತಿಲ್ಲ. ಹೂ-ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗಿತು. ಕೇಂದ್ರ ಕೃಷಿ ಸಚಿವಾಲಯ 2024ರ ಆಗಸ್ಟ್ 15ರಂದು ಬಿಡುಗಡೆ ಮಾಡಿದ 'ಎನ್‌ಪಿಎಸ್‌ಎಸ್' ಆ್ಯಪ್‌ನಲ್ಲಿ ಈಗ ಎಲೆ, ಹುಳದ ಫೋಟೊ ಹಾಕಿದರೆ ಕೀಟ-ರೋಗದ ಹೆಸರು, ಉಪಾಯ ತಿಳಿಸುತ್ತದೆ. ಕಾಯಿಕೊರಕದಂಥ ಕಣ್ಣಿಗೆ ಕಾಣುವ ಹುಳಕ್ಕೆ ಇದು ಉಪಯೋಗ.

ನೆಟೆಯ ಮಾತು ಬೇರೆ. ನೀರು ನಿಂತರೂ ತೊಗರಿ ಬಾಡುತ್ತದೆ, ತೇವ ಕಡಿಮೆಯಾದರೂ ಬಾಡುತ್ತದೆ. ನೆಟೆಯೋ ಅಲ್ಲವೋ ತಿಳಿಯಲು ಗಿಡ ಕಿತ್ತು ಕಾಂಡ ಸೀಳಿ ನೋಡಬೇಕು. ಒಳಗೆ ಕಂದು-ಕಪ್ಪು ಗೆರೆ ಇದ್ದರೆ ಶಿಲೀಂಧ್ರದ್ದೇ ಕೆಲಸ. ಮೇಲಿಂದ ತೆಗೆದ ಫೋಟೊದಲ್ಲಿ ಇದು ಬರುವುದಿಲ್ಲ. ಕೃಷಿ ವಿಜ್ಞಾನ ಕೇಂದ್ರದವರು, ಅನುಭವಿ ರೈತರು 'ಮೊದ್ಲು ಗಿಡಾ ಕಿತ್ತ ನೋಡ್ರಿ, ಆಮ್ಯಾಲ ಎಣ್ಣಿ ಹೊಡೀರಿ' ಅನ್ನುವುದು ಇದಕ್ಕೇ. ಬೇರಿನಿಂದ ಬಂದ ರೋಗಕ್ಕೆ ಎಲೆ ಮೇಲೆ ಎಣ್ಣೆ ಹೊಡೆದು ದುಡ್ಡು ಕಳಕೊಂಡವರು ಕಡಿಮೆ ಇಲ್ಲ. ಬೀಜೋಪಚಾರ, ಬೆಳೆ ಬದಲಾವಣೆ, ಟಿಎಸ್-3ಆರ್, ಜಿಆರ್‌ಜಿ-811ರಂಥ ನೆಟೆ ತಡೆಯುವ ತಳಿ, ಇವೇ ದಾರಿ. ಅವನ್ನು ನಿರ್ಧರಿಸಬೇಕಾದದ್ದು ಬಿತ್ತುವ ಮುಂಚೆ.

ಅಫಜಲಪುರದ ಕಬ್ಬು ಬೆಳೆಗಾರರು ಗಮನಿಸಬೇಕಾದದ್ದು ಭೀಮಾ ಕೊಳ್ಳದ ಮೇಲ್ಭಾಗದಲ್ಲಿ ನಡೆದಿದೆ. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹೊಲದ ಸೆನ್ಸರ್, ಉಪಗ್ರಹ ಚಿತ್ರ ಸೇರಿಸಿ ನೀರು-ಗೊಬ್ಬರದ ಸಲಹೆಯನ್ನು ಕಬ್ಬು ಬೆಳೆಗಾರರ ಮೊಬೈಲ್‌ಗೆ ಕಳಿಸುವ ಪ್ರಯೋಗ ನಡೆದಿದೆ. ಖರ್ಚು ಒಬ್ಬರಿಗೆ ಭಾರ. ಅಲ್ಲಿ ಅದು ನಿಂತಿರುವುದು ಸಂಸ್ಥೆಯ ಬೆಂಬಲದ ಮೇಲೆ.

ಕೈಗಳು ಕಡಿಮೆಯಾದ ಮಿಲ್ಲು

ಮೂರೂ ತಾಲೂಕಿನ ತೊಗರಿ ಹೆಚ್ಚಾಗಿ ಕಲಬುರಗಿಯ ದಾಲ್‌ಮಿಲ್‌ಗಳಿಗೆ ಹೋಗುತ್ತದೆ. ಬೇಳೆ ಹಸನು ಮಾಡುವುದು ಮೊದಲು ಹೆಣ್ಮಕ್ಕಳ ಕೆಲಸ: ಕಲ್ಲು, ಕರಿಕಾಳು ಆರಿಸಿ ದಿನಗೂಲಿ ಪಡೆಯುತ್ತಿದ್ದರು. ಆ ಜಾಗಕ್ಕೆ ಸಾರ್ಟೆಕ್ಸ್ ಯಂತ್ರ ಬಂದಿದೆ. ಕ್ಯಾಮೆರಾ ಒಂದೊಂದೇ ಕಾಳು ನೋಡುತ್ತದೆ, ಬಣ್ಣ ಬೇರೆ ಕಂಡರೆ ಗಾಳಿ ಊದಿ ಹೊರಗೆ ಹಾಕುತ್ತದೆ. ಕಿರಾಣಿ ಅಂಗಡಿಯ ಪೊಟ್ಟಣದ ಮೇಲೆ 'ಸಾರ್ಟೆಕ್ಸ್ ಬೇಳೆ' ಅಂತ ಬರೆದಿರುವುದು ಇದನ್ನೇ. ಹತ್ತಾರು ಮಂದಿ ಕೂತು ಮಾಡುವ ಕೆಲಸಕ್ಕೆ ಈಗ ಒಬ್ಬ ಆಪರೇಟರ್ ಸಾಕು. ಆ ಆಪರೇಟರ್ ಕೆಲಸ ಹಸನು ಮಾಡುತ್ತಿದ್ದ ಹೆಣ್ಮಕ್ಕಳಿಗೆ ಸಿಕ್ಕ ಉದಾಹರಣೆ ಅಪರೂಪ. ತರಬೇತಿಯ ಮಾತು ಬಂದಾಗ ಲೆಕ್ಕಕ್ಕೆ ಬರಬೇಕಾದದ್ದು ಇದು.

ಆ್ಯಪ್ ಹೆಚ್ಚಾದವು, ಕೈ ಅಷ್ಟೇ

ಸರ್ಕಾರಿ ಕೆಳಹಂತದ ನೌಕರರ ಅನುಭವ ತಿರುಗುಮುರುಗು. ಕೆಲಸ ಕಡಿಮೆ ಆಗಿಲ್ಲ, ಕೂಡಿದೆ. ಹತ್ತಾರು ಆ್ಯಪ್‌ಗಳ ಒತ್ತಡ, ಮೊಬೈಲ್-ಇಂಟರ್‌ನೆಟ್ ಸೌಕರ್ಯ ಇಲ್ಲ ಎಂದು ಗ್ರಾಮ ಆಡಳಿತ ಅಧಿಕಾರಿಗಳು 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದಾದ್ಯಂತ ಮುಷ್ಕರ ಹೂಡಿದ್ದರು. ಅಂಗನವಾಡಿಗಳಲ್ಲಿ 2025ರ ಜುಲೈ 1ರಿಂದ ಮನೆಗೆ ಒಯ್ಯುವ ಪೌಷ್ಟಿಕ ಆಹಾರಕ್ಕೆ ಪೋಷಣ್ ಟ್ರ್ಯಾಕರ್‌ನಲ್ಲಿ ಮುಖ ಗುರುತು ಕಡ್ಡಾಯ. ನೆಟ್‌ವರ್ಕ್ ಸಿಗದ ಊರಿನಲ್ಲಿ ಬಾಣಂತಿಯ ಮುಖ ಹೊಂದಿಸುತ್ತ ನಿಲ್ಲುವುದು ಕಾರ್ಯಕರ್ತೆಯೇ, ಬೈಸಿಕೊಳ್ಳುವುದೂ ಅವರೇ.

ನಮ್ಮ ಮಾತು ಯಂತ್ರಕ್ಕೆ ತಿಳೀತದಾ?

ಪಿಎಂ-ಕಿಸಾನ್ ಹಣದ ಸ್ಥಿತಿ ಕೇಳಲು 2023ರ ಸೆಪ್ಟೆಂಬರ್‌ನಲ್ಲಿ ಬಂದ 'ಕಿಸಾನ್ ಇ-ಮಿತ್ರ' ಕನ್ನಡದಲ್ಲೂ ಉತ್ತರಿಸುತ್ತದೆ. ಆದರೆ 'ರೊಕ್ಕ ಯಾಕ ಬಂದಿಲ್ಲ' ಅಂತ ಕಲಬುರಗಿ ಧಾಟಿಯಲ್ಲಿ ಕೇಳಿದರೆ ಪುಸ್ತಕದ ಕನ್ನಡ ಕಲಿತ ಯಂತ್ರ ತಡವರಿಸುವುದು ಸಹಜ. ಉರ್ದು, ಮರಾಠಿ ಬೆರೆತ ಆಳಂದದ ಮಾತು ಇನ್ನೂ ಕಷ್ಟ. ಇದಕ್ಕಾಗಿಯೇ ಬೆಂಗಳೂರಿನ ಐಐಎಸ್‌ಸಿಯ 'ವಾಣಿ' ಯೋಜನೆ ಜಿಲ್ಲೆವಾರು ಜನರಿಗೆ ಚಿತ್ರ ತೋರಿಸಿ, ತಮ್ಮದೇ ಮಾತಿನಲ್ಲಿ ವರ್ಣಿಸಲು ಹೇಳಿ ಧ್ವನಿ ಸಂಗ್ರಹಿಸಿದೆ. ಮೊದಲ ಹಂತದಲ್ಲೇ ಕಲಬುರಗಿ ಜಿಲ್ಲೆಯೂ ಸೇರಿತ್ತು. ಚಾಮರಾಜನಗರದ ಹಳ್ಳಿಗಳಲ್ಲಿ 'ಕಾರ್ಯ' ಎಂಬ ಸಂಸ್ಥೆ ಮೊಬೈಲ್‌ನಲ್ಲಿ ಕನ್ನಡ ಓದಿಸಿ ದುಡ್ಡು ಕೊಟ್ಟಿದ್ದೂ ಇದೇ ತರಹದ ಕೆಲಸ. ಡಾಟಾ ಎಂಟ್ರಿಗೆ ಪುಣೆ, ಹೈದರಾಬಾದ್‌ಗೆ ಹೋಗುವ ನಮ್ಮ ಪದವೀಧರರು ಇಂಥ ಕೆಲಸ ಊರಲ್ಲೇ ಸಿಗುತ್ತದಾ ಎಂದು ವಿಚಾರಿಸಬಹುದು. ಆಳಂದ ತಾಲೂಕಿನ ಕಡಗಂಚಿಯಲ್ಲೇ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಈ ಭಾಗದ ಆಡುಮಾತಿನ ಧ್ವನಿ ಸಂಗ್ರಹಕ್ಕೆ ಅದಕ್ಕಿಂತ ಹತ್ತಿರದ ಜಾಗ ಬೇರೆ ಇಲ್ಲ.

ವಿಮೆ ಕಟ್ಟಿದ ರೈತರಿಗೆ ಒಂದು ಸೂಚನೆ: ಆಲಿಕಲ್ಲು, ಹೊಲದಲ್ಲಿ ನೀರು ನಿಲ್ಲುವಂಥ ಸ್ಥಳೀಯ ಹಾನಿಯಾದರೆ 72 ಗಂಟೆಯೊಳಗೆ ತಿಳಿಸಬೇಕು. ಸಹಾಯವಾಣಿ 14447. ಕರೆ ಮಾಡಿದಾಗ ಸಿಗುವ ದೂರು ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಹೊಲದ ಫೋಟೊವನ್ನು ತಾರೀಖು ಸಮೇತ ನಿಮ್ಮ ಮೊಬೈಲ್‌ನಲ್ಲೂ ಇಟ್ಟುಕೊಳ್ಳಿ.