ಕೂಲಿ ಸೇರು



ನಾನು ಮದುವಿಯಾಗಿ ಸಾಲಗುಂದಕ್ಕ ಬಂದಾಗ ನಮ್ಮ ಅತ್ತಿಮನಿಯಾಗ ಎರಡು ಹಿತ್ತಾಳಿ ಸೇರು ಇದ್ದವು. ಒಂದು ಮನಿ ಸೇರು, ಇನ್ನೊಂದು ಕೂಲಿ ಸೇರು. ಆ ಹೊತ್ತಿಗೆ ದಿನದ ಕೂಲಿ ರೊಕ್ಕದಾಗ ಕೊಡೋದು ಬಂದಿತ್ತು, ಆದ್ರ ಸುಗ್ಗಿ ಕೂಲಿ ಇನ್ನೂ ಕಾಳಿನಾಗ ಅಳಿತಿದ್ರು. ಮನಿ ಬಾಗಲದಾಗ ಅಳಿಯೋದು ಗಂಡಸರ ಕೆಲಸ ಅಲ್ಲ, ನಮ್ಮದು. ಸಂಜಿಮುಂದ ಹೆಣ್ಣಾಳು ತಲಬಾಗಲ ಮುಂದ ಬಂದು ಸೆರಗು ಒಡ್ಡತಿದ್ರು, ಅತ್ತಿ ಒಳಗಿಂದ ಜ್ವಾಳ ತಂದು ಸುರೀತಿದ್ರು.

ಕೂಲಿ ಸೇರಿನ ತಳ ಒಳಕ್ಕ ಉಬ್ಬಿತ್ತು. ಹಿಂಗಾಗಿ ಒಂದು ಹಿಡಿ ಕಾಳು ಕಮ್ಮಿ ಹಿಡಿತಿತ್ತು. ಕೈಜಾರಿ ಬಿದ್ದು ಹಂಗಾತೇನು, ಯಾರರ ಬೇಕಂತ ಬಡದ್ರೇನು, ಹೊಸ ಸೊಸಿ ನಾನು ಕೇಳಲಿಲ್ಲ. ಅತ್ತಿ ಹೋದ ಮ್ಯಾಲ ಅದೇ ಸೇರಿಲೆ ನಾನೂ ಎರಡು ಸುಗ್ಗಿ ಅಳದೀನಿ.

ಇದು ಈಗ್ಯಾಕ ನೆನಪಾತಂದ್ರ, ಮೊನ್ನಿ ಓಣಿಯಾಗ ಒಂದು ಸೀಮಂತಕ್ಕ ಹೋಗಿದ್ದೆ. ಉಡಿ ತುಂಬೋದು ಮುಗದು ಊಟಕ್ಕ ಕುಂತಾಗ ಮಾತು ಆಳಿನ ಮ್ಯಾಲ ಬಂತು. "ಆಳು ಸಿಗವಲ್ರು, ಸಿಕ್ರ ಕೂಲಿ ಕೇಳಿ ಎದಿ ಒಡಿತದ" ಅಂತ ಒಬ್ಬಾಕಿ. "ಪುಕ್ಕಟ ಅಕ್ಕಿ ಕೊಟ್ಟು ಕೆಡಿಸಿಟ್ಟಾರ" ಅಂತ ಇನ್ನೊಬ್ಬಾಕಿ. ನಾನೂ ಹೌದೌದು ಅಂದೆ. ಮನಿಗೆ ಬಂದು ಮಲಗಿದಾಗ ಆ ಸೇರು ಕಣ್ಣಮುಂದ ಬಂತು. ಈ ಕೂಲಿ ಎಲ್ಲಿಂದ ಎಲ್ಲಿಗೆ ಬಂತು ಅನ್ನೋದನ್ನ ಒಂದು ಸಲ ಬರದು ನೋಡೂಣು ಅಂತ ಕುಂತೀನಿ.

ನಮ್ಮ ರಾಯಚೂರು ಜಿಲ್ಲಾ 1948ರ ಸೆಪ್ಟೆಂಬರ್ 17ರ ತನಕ ನಿಜಾಮನ ಹೈದರಾಬಾದ್ ಸಂಸ್ಥಾನದಾಗಿತ್ತು. ಆ ಕಾಲದಾಗ ಕೂಲಿ ಅನ್ನೋದಕ್ಕಿಂತ ಬಿಟ್ಟಿ ಮತ್ತ ಜೀತದ್ದ ಮಾತು ಹೆಚ್ಚು. ಮಗಳ ಮದುವಿಗಂತ ಸಾಲ ತಗೊಂಡವ ಸಾವ್ಕಾರರ ಮನಿಯಾಗ ದುಡಕೊಂತ ಮುದುಕ ಆಗ್ತಿದ್ದ, ಸಾಲ ಮಾತ್ರ ಹರೆಯದಾಗ ಇರ್ತಿತ್ತು. ಇದಕ್ಕ ಸಂಸ್ಥಾನದಾಗ ಭಗೇಲಾ ಅಂತ ಹೆಸರು. 1936ರಾಗ ನಿಜಾಮನ ಸರ್ಕಾರನೇ ಭಗೇಲಾ ಕರಾರಿಗೆ ಮಿತಿ ಹಾಕೋ ಕಾಯ್ದೆ ತಂತು. ಆದ್ರ ಕಾಯ್ದೆ ಇದ್ದದ್ದು ಕಾಗದದಾಗ, ಓದು ಬಂದವರು ಇದ್ದದ್ದು ಸಾವ್ಕಾರರ ಮನಿಯಾಗ.

ಸ್ವಾತಂತ್ರ್ಯ ಬಂದ ಮ್ಯಾಲ 1948ರಾಗ ಕನಿಷ್ಠ ಕೂಲಿ ಕಾಯ್ದೆ ಆತು. ಹೊಲದ ಕೂಲಿನೂ ಅದರಾಗ ಸೇರಿತ್ತು. ಜೀತ ಪೂರಾ ರದ್ದಾಗಲಿಕ್ಕೆ ಮಾತ್ರ 1975ರ ಅಕ್ಟೋಬರ್ ತನಕ ಕಾಯಬೇಕಾತು. ಆಗ ಸುಗ್ರೀವಾಜ್ಞೆ ಬಂತು, 1976ರಾಗ ಅದೇ ಕಾಯ್ದೆ ಆತು. ದೇಶದಾಗ ಜೀತಕ್ಕ ಯಾವ್ಯಾವ ಕಡಿ ಏನೇನು ಹೆಸರು ಅಂತ ಆ ಕಾಯ್ದಿಯಾಗ ಒಂದು ಪಟ್ಟಿ ಅದ. ಅದರಾಗ ಭಗೇಲಾನೂ ಅದ, ನಮ್ಮ ಜೀತನೂ ಅದ.

ನನಗ ಭಾಳ ಚುಚ್ಚಿದ್ದು 1982ರ ಸುಪ್ರೀಂ ಕೋರ್ಟಿನ ತೀರ್ಪು. ದಿಲ್ಲಿಯಾಗ ಏಷ್ಯನ್ ಗೇಮ್ಸ್‌ಗೆ ಕಟ್ಟಡ ಕಟ್ಟಾಕ ಬಂದ ಕೂಲಿಕಾರರ ಪ್ರಕರಣ ಅದು. ಸರ್ಕಾರ ನಿಗದಿ ಮಾಡಿದ ಕನಿಷ್ಠ ಕೂಲಿಕಿಂತ ಕಮ್ಮಿ ಕೊಟ್ಟು ದುಡಿಸಿಕೊಂಡ್ರ ಅದೂ ಬಲವಂತದ ದುಡಿಮೆನೇ, ಸಂವಿಧಾನದ 23ನೇ ವಿಧಿಗೆ ವಿರುದ್ಧ ಅಂತ ಕೋರ್ಟ್ ಹೇಳ್ತು. ಬಡಿಗಿ ಹಿಡದು ನಿಂತ್ರ ಅಷ್ಟ ಬಲವಂತ ಅಲ್ಲ, ಹಸಿವಿಗೆ ಹೆದರಿ ಒಪ್ಪಿಕೊಂಡ್ರೂ ಬಲವಂತನೇ ಅಂತ ಅದರ ಅರ್ಥ. ಇಡೀ ದಿನದ ದುಡಿಮಿ ಬಿಟ್ಟಿ ಮಾಡಿಸಿಕೊಳ್ಳೋದು ಒಂದು ಥರ. ಸೇರಿನಾಗ ಒಂದು ಹಿಡಿ ಉಳಿಸಿಕೊಂಡ್ರ ಅಷ್ಟು ಹೊತ್ತಿನ ದುಡಿಮಿನೂ ಬಿಟ್ಟಿನೇ ಅಲ್ಲೇನ್ರಿ?

ಇನ್ನ ನಮ್ಮ ಸೀಮಿ ಕಥಿಗೆ ಬರ್ತೀನಿ. ಮೊದಲು ಇಲ್ಲೆಲ್ಲ ಮಳಿ ನಂಬಿದ ಎರಿ ಹೊಲ. ಜ್ವಾಳ, ಹತ್ತಿ, ಸಜ್ಜಿ. ತುಂಗಭದ್ರಾ ಡ್ಯಾಮಿಗೆ 1945ರಾಗ ಅಡಿಗಲ್ಲು ಇಟ್ರು, 1953ರಾಗ ನೀರು ಬಿಟ್ರು. ಎಡದಂಡಿ ಕಾಲವಿ ಗಂಗಾವತಿ, ಕಾರಟಗಿ ದಾಟಿ ಸಿಂಧನೂರು ಸೀಮಿಗೆ ಬಂತು. ಯೋಜನೆ ಮಾಡಿದವರ ಲೆಕ್ಕದಾಗ ಸ್ವಲ್ಪ ನೀರು ಭಾಳ ಹೊಲಕ್ಕ ಮುಟ್ಟಬೇಕು, ಹೆಚ್ಚಿನ ಹೊಲದಾಗ ಜ್ವಾಳ, ಹತ್ತಿಯಂಥ ಬೆಳಿನೇ ಇರಬೇಕು ಅಂತ ಇತ್ತು. ಆಂಧ್ರದ ಕರಾವಳಿ ಕಡಿಯಿಂದ ರೈತರು ಬಂದು ಹೊಲ ಕೊಂಡು ಕ್ಯಾಂಪ್ ಕಟ್ಟಿಕೊಂಡ್ರು, ಭತ್ತ ಹಚ್ಚಿದ್ರು. ಅವರನ್ನ ನೋಡಿ ನಮ್ಮವರೂ ಹಚ್ಚಿದ್ರು. ಮ್ಯಾಲಿನವರು ಭತ್ತಕ್ಕ ನೀರು ನಿಲ್ಲಿಸಿಕೊಂಡ್ರ ಕಾಲವಿ ಕೊನಿಯವರಿಗೆ ನೀರು ಮುಟ್ಟವಲ್ದು. ಮೊದಲು ಎಲ್ಲಾರೂ ಮಳಿ ನೋಡಕೊಂತ ಕೂಡ್ತಿದ್ರು. ನೀರು ಬಂದ ಮ್ಯಾಲ ಒಬ್ಬರಿಗೆ ಎರಡು ಬೆಳಿ, ಇನ್ನೊಬ್ಬರಿಗೆ ಒಂದೂ ಇಲ್ಲ ಅನ್ನೋ ಹಂಗಾತು. ಹೊಲಾನೇ ಇಲ್ಲದವರ ಪಾಲಿಗೆ ಬಂದದ್ದು ನಾಟಿ ಕೆಲಸ.

ನಾಟಿ ಅಂದ್ರ ಹೆಣ್ಣಮಕ್ಕಳ ಕೆಲಸ. ಮೊಣಕಾಲು ತನಕ ರಾಡಿ, ದಿನಪೂರ್ತಿ ಬಗ್ಗಿದ ಸೊಂಟ. ಆದ್ರ ಇದೇ ನಾಟಿ ಅವರ ಕೈಗೆ ಒಂದು ಬಲಾನೂ ಕೊಟ್ಟಿತು. ಜ್ವಾಳದ ಕಳೇವು ಎರಡು ದಿನ ತಡ ಆದ್ರ ನಡಿತದ. ಸಸಿಮಡಿಯಾಗಿನ ಭತ್ತದ ಸಸಿ 25-30 ದಿನಕ್ಕ ಕೀಳಲೇಬೇಕು, ಬಲಿತ್ರ ಇಳುವರಿ ಹೋತು. ಕಾಲವಿ ನೀರೂ ಎಲ್ಲಾರಿಗೂ ಒಂದೇ ಸಲ ಬರ್ತದ. ಅಂದ್ರ ಊರಾಗಿನ ಅಷ್ಟೂ ಮನಿಗೆ ಅದೇ ವಾರದಾಗ ಆಳು ಬೇಕು. ಹಿಂಗಾಗಿ ದಿನಗೂಲಿ ಬಿಟ್ಟು ಎಕರೆಕ್ಕ ಇಷ್ಟು ಅಂತ ಗುತ್ತಿಗಿ ಮಾತಾಡೋದು ಬಂತು. ಹತ್ತಿಪ್ಪತ್ತು ಮಂದಿ ಗುಂಪು ಕಟ್ಟಿಕೊಂಡು, ನಸಿಕಿನ್ಯಾಗ ಎದ್ದು ಹೋಗಿ ಹಚ್ಚಿ, ಬಂದ ರೊಕ್ಕ ಸಮ ಹಂಚಿಕೊಳ್ಳತಾರ.

ಒಂದು ವರ್ಷ ನಮ್ಮ ಮನಿಗೆ ಆಳು ಬರಲೇ ಇಲ್ಲ. ಸಸಿ ಕಿತ್ತು ಕಟ್ಟು ಕಟ್ಟಿ ಒಡ್ಡಿನ ಮ್ಯಾಲ ಇಟ್ಟಾದ. ನಮ್ಮ ಮನಿಯವರು ಕೇರಿಗೆ ಎರಡು ಸಲ ಹೋಗಿ ಬಂದ್ರು, "ನಾಳೆ ನೋಡೂಣ್ರಿ" ಅಂತ ಕಳಸಿದ್ರಂತ. ಜಗಳ ಇಲ್ಲ, ಘೋಷಣೆ ಇಲ್ಲ. ಮೂರನೇ ದಿನ ಗುಂಪು ಕಟ್ಟೋ ಮುದುಕಿನೇ ಮನಿ ತನಕ ಬಂದ್ಲು. ಗಂಡಸರ ಕಡಿ ನೋಡಲಿಲ್ಲ, ನನ್ನ ಕಡಿ ತಿರುಗಿ ಅಂದ್ಲು: "ಅವ್ವಾರ, ಗುತ್ತಿಗಿ ಏರಿಸೋದು ಮನಿಯವರು ನೋಡಕೊಳ್ಳಲಿ. ನಿಮ್ಮದೊಂದು ಅದ. ಸುಗ್ಗಿಯಾಗ ಮನಿ ಸೇರಿಲೆ ಅಳೀರಿ."

ನನಗ ನೆಲ ಬಿರದು ನುಂಗಿದ್ರ ಸಾಕು ಅನಸ್ತು. ಅವರಿಗೆ ಮೊದಲಿಂದಲೂ ಗೊತ್ತಿತ್ತು. ಅತ್ತಿ ಕಾಲದಿಂದ ಗೊತ್ತಿತ್ತು. ಕೇಳೋ ಕಾಲ ಬಂದಾಗ ಕೇಳಿದ್ರು. ಆ ಸುಗ್ಗಿಯಿಂದ ಕೂಲಿ ಸೇರನ್ನ ಅಟ್ಟದ ಮ್ಯಾಲ ಹಾಕಿದೆ.

ಇಂಥಾವು ಎಲ್ಲೂ ಬರದಿಡಲಿಲ್ಲ ನೋಡ್ರಿ. ನಮ್ಮ ಜಿಲ್ಲಾದಾಗೇ ಲಿಂಗಸುಗೂರು ತಾಲೂಕಿನ ಹಟ್ಟಿ ಚಿನ್ನದ ಗಣಿ ಅದ. ಅಲ್ಲಿ ಕಾರ್ಮಿಕ ಸಂಘ ಅದ, ಸಂಘಕ್ಕ ಚುನಾವಣೆ ನಡಿತದ, ಗೆದ್ದವರು ಆಡಳಿತದ ಮುಂದ ಕುಂತು ವೇತನ ಒಪ್ಪಂದ ಮಾಡಿಸತಾರ. ಅದೆಲ್ಲಾ ಪೇಪರಿನಾಗ ಬರ್ತದ. ಗಣಿಯಾಗ ಸಾವಿರಾರು ಮಂದಿಗೆ ಒಬ್ಬನೇ ಮಾಲೀಕ. ಹೊಲದ ಕೂಲಿಗೆ ದಿನಕ್ಕೊಂದು ಮನಿ, ದಿನಕ್ಕೊಬ್ಬ ಮಾಲೀಕ. ಯಾರ ಮುಂದ ಬಾವುಟ ಹಿಡಿಬೇಕು? ಹಿಂಗಾಗಿ ಅವರ ಹೋರಾಟ ತಲಬಾಗಲದಾಗ ಹುಟ್ಟಿ ತಲಬಾಗಲದಾಗ ಮುಗೀತಿತ್ತು. ಹಂಗಂತ ಹೊಲದ ಹೆಣ್ಣಮಕ್ಕಳಿಗೆ ಸಂಘಟನೆ ಇರಲೇ ಇಲ್ಲ ಅಂತಲ್ಲ. ಪೋತ್ನಾಳದ ಜಾಗೃತ ಮಹಿಳಾ ಸಂಘಟನೆ ಕೂಲಿ ಮಾಡೋ ದಲಿತ ಹೆಣ್ಣಮಕ್ಕಳೇ ಕಟ್ಟಿಕೊಂಡದ್ದು.

ಹೆಣ್ಣಿಗೂ ಗಂಡಿಗೂ ಸಮಾನ ವೇತನದ ಕಾಯ್ದೆ ಬಂದದ್ದು 1976ರಾಗ. ಆದ್ರೂ ನಾನು ಬಂದಾಗ ನಮ್ಮ ಹೊಲದಾಗ ಗಂಡಾಳಿಗೆ ಕೊಟ್ಟದ್ದರ ಅರ್ಧದ ಮ್ಯಾಲ ಚೂರು ಹೆಣ್ಣಾಳಿಗೆ. "ಗಂಡಾಳು ಭಾರ ಎತ್ತತಾನ" ಅಂತಿದ್ರು. ಹನ್ನೆರಡು ತಾಸು ಬಗ್ಗೋದು ಯಾರ ತಕ್ಕಡಿಯಾಗೂ ತೂಗಲಿಲ್ಲ.

ಅದನ್ನ ಕಣ್ಣಿಗೆ ಕಾಣೋ ಹಂಗ ಬದಲ ಮಾಡಿದ್ದು ಉದ್ಯೋಗ ಖಾತ್ರಿ. 2005ರ ಕಾಯ್ದೆ, 2006ರ ಫೆಬ್ರವರಿ 2ಕ್ಕ ಅನಂತಪುರ ಜಿಲ್ಲಾದ ಬಂಡ್ಲಪಲ್ಲಿಯಾಗ ಶುರು ಆತು. ಮೊದಲ ಹಂತದ 200 ಜಿಲ್ಲಾದಾಗ ಕರ್ನಾಟಕದ್ದು ಐದು: ಬೀದರ, ಗುಲ್ಬರ್ಗಾ, ರಾಯಚೂರು, ಚಿತ್ರದುರ್ಗ, ದಾವಣಗೆರೆ. ಹೆಣ್ಣಿಗೂ ಗಂಡಿಗೂ ಒಂದೇ ಕೂಲಿ. ನಮ್ಮ ರಾಜ್ಯದಾಗ 2011ರಾಗ ದಿನಕ್ಕ 125 ರೂಪಾಯಿ, 2020ರಾಗ 275, 2024ರಾಗ 349, 2025ರಾಗ 370 ಆತು. ನಮೂನೆ 6 ತುಂಬಿ ಕೆಲಸ ಕೇಳಿದ್ರ 15 ದಿನದಾಗ ಕೊಡಬೇಕು ಅನ್ನೋದು ಆ ಕಾಯ್ದಿ ನಿಯಮ ಆಗಿತ್ತು. ರೊಕ್ಕ ತಡ ಆಗಿ ಪಂಚಾಯ್ತಿ ಮುಂದ ಕುಂತವರನ್ನೂ ನೋಡೀನಿ. ಆದ್ರ "ಖಾತ್ರಿಗೆ ಹೋದ್ರ ಇಷ್ಟು ಬರ್ತದ" ಅಂತ ಹೇಳಾಕ ಒಂದು ಸಂಖ್ಯೆ ಸಿಕ್ತು. ಮೊದಲು ಹೊಲದವರು ಹೇಳಿದ್ದೇ ಕೂಲಿ ಆಗಿತ್ತು.

ಒಕ್ಕಲುತನದ ಕಷ್ಟ ನನಗೂ ಗೊತ್ತದ. ಗೊಬ್ಬರ, ಎಣ್ಣಿ, ಟ್ರ್ಯಾಕ್ಟರ್ ಬಾಡಿಗಿ ಎಲ್ಲಾ ಏರ್ಯಾವ, ಭತ್ತದ ರೇಟು ಮಾತ್ರ ಸುಗ್ಗಿಯಾಗೇ ಬೀಳ್ತದ. ಹಿಂಗಾಗಿ ಕೊಯ್ಲಿಗೆ ಮಷಿನ್ ಬಂತು. ಈಗ ಭಾಳ ಮಂದಿ ನಾಟಿ ಬಿಟ್ಟು ಕೂರಿಗಿಲೆ ಭತ್ತ ಬಿತ್ತಲಿಕತ್ಯಾರ. ಕೆಲಸ ಕಮ್ಮಿ ಆದವರು ಬೆಂಗಳೂರಿಗೆ ಗುಳೆ ಹೋಗ್ತಾರ. 2024ರ ಆಗಸ್ಟ್‌ದಾಗ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ನಮ್ಮ ಎದಿ ಎಷ್ಟು ಝಲ್ ಅಂತೋ, ನಾಟಿ ಮಾಡೋರ ಎದಿನೂ ಅಷ್ಟೇ ಝಲ್ ಅಂತು. ಇಬ್ಬರದೂ ಅದೇ ನೀರು.

ಆದ್ರ ಒಂದು ಮಾತು. ಗೊಬ್ಬರದ ಅಂಗಡಿಯಾಗ "ಇಷ್ಟ್ಯಾಕ" ಅಂತ ನಾವು ಕೇಳಂಗಿಲ್ಲ. ಗಂಜಿನಾಗ ಭತ್ತದ ರೇಟು ಇಳಿಸಿದ್ರ ಬಾಯಿ ಮುಚ್ಚಿಕೊಂಡು ಕೊಟ್ಟು ಬರ್ತೀವಿ. ಆ ಸಿಟ್ಟೆಲ್ಲಾ ಮನಿಗೆ ತಂದು, ಬಾಗಲ ಮುಂದ ನಿಂತಾಕಿ ಹತ್ತು ರೂಪಾಯಿ ಹೆಚ್ಚು ಕೇಳಿದ್ರ ಅಕಿ ಮ್ಯಾಲ ತೀರಸ್ಕೊಂತೀವಿ. ಮ್ಯಾಲಿನವರು ನಮಗ ಮಾಡಿದ್ದನ್ನೇ ನಾವು ಕೆಳಗಿನವರಿಗೆ ಮಾಡ್ತೀವಿ. ಸೀಮಂತದಾಗ ನಾನು ಹೌದೌದು ಅಂದದ್ದೂ ಅದೇ.

ಆ ಸೇರು ಇನ್ನೂ ಅಟ್ಟದ ಮ್ಯಾಲದ. ಮೊಮ್ಮಗಳು ಕೇಳಿದ್ರ ಅದರ ಕಥಿ ಇದ್ದದ್ದು ಇದ್ದಂಗ ಹೇಳತೀನಿ. ನಿಮ್ಮ ಮನಿಯಾಗ ಎಷ್ಟು ಸೇರು ಇದ್ದವು, ನಿಮ್ಮವ್ವ ಅಳಿತಿದ್ಲೋ, ಸೆರಗು ಒಡ್ಡತಿದ್ಲೋ? ಹಿರೇರು ಇದ್ದಾಗಲೇ ಕೇಳಿ ಬರದು ಕಳಸ್ರಿ. ಅವರು ಹೋದ್ರ ಈ ಲೆಕ್ಕ ಹೇಳೋರು ಯಾರೂ ಉಳಿಯಂಗಿಲ್ಲ.