ತಾತಗುಣಿಯ 470 ಎಕರೆ 19 ಗುಂಟೆ

ಕನಕಪುರ ರಸ್ತೆಯಲ್ಲಿ ಸಿಲ್ಕ್ ಇನ್‌ಸ್ಟಿಟ್ಯೂಟ್ ಮೆಟ್ರೋ ಸ್ಟೇಷನ್ ದಾಟಿ ಮುಂದೆ ಹೋದರೆ ತಾತಗುಣಿ. ವೀಕೆಂಡ್ ಬಂತು ಅಂದರೆ ಆ ರೋಡಲ್ಲಿ ಗಾಡಿ ಓಡಿಸೋ ನಮಗೆ ಅಲ್ಲಿ ಕಾಣೋದು ಕಾಂಪೌಂಡು, ಒಳಗೆ ಮರಗಳು, ಅಷ್ಟೇ. ಆದರೆ ಸರ್ಕಾರ ಒಬ್ಬರ ಜಮೀನು ತಗೊಳ್ಳುವಾಗ ಏನೇನು ಪಾಲಿಸಬೇಕು ಅಂತ ಇವತ್ತು ಕೋರ್ಟುಗಳು ಹೇಳುವ ಮಾತಿನ ಒಂದು ಮುಖ್ಯ ಬೇರು ಈ ತೋಟದಲ್ಲೇ ಇದೆ.

ತೋಟ ಮಾಡಿದವರು ಗಂಡ ಹೆಂಡತಿ. ಆಕೆ ದೇವಿಕಾ ರಾಣಿ. ಹಿಮಾಂಶು ರಾಯ್ ಜೊತೆ 1934ರಲ್ಲಿ ಬಾಂಬೆ ಟಾಕೀಸ್ ಕಟ್ಟಿದವರು, 'ಅಛೂತ್ ಕನ್ಯಾ'ದ ನಾಯಕಿ, ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದವರಲ್ಲಿ ಮೊದಲಿಗರು. ಆತ ಸ್ವೆತೋಸ್ಲಾವ್ ರೋರಿಕ್. 1904ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದ ಚಿತ್ರಕಾರ. ಹಿಮಾಲಯದ ಚಿತ್ರಗಳಿಗೆ ಹೆಸರಾಗಿ ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿದ ನಿಕೊಲಾಯ್ ರೋರಿಕ್ ಅವರ ಮಗ. 1945ರಲ್ಲಿ ಇಬ್ಬರ ಮದುವೆ ಆಯ್ತು. ದೇವಿಕಾ ರಾಣಿ ಸಿನಿಮಾ ಬಿಟ್ಟರು. ಕೊನೆಗೆ ಇಬ್ಬರೂ ನಮ್ಮ ಬೆಂಗಳೂರಿನ ಕಡೆ ಬಂದರು.

ದಾಖಲೆಗಳಲ್ಲಿ ಎಸ್ಟೇಟಿನ ವಿಸ್ತೀರ್ಣ 470.19 ಎಕರೆ ಅಂತ ಇದೆ. ಎಕ್ಸೆಲ್ ನೋಡಿ ಅಭ್ಯಾಸ ಇರೋರು ಅದನ್ನ ದಶಮಾಂಶ ಅಂತ ಓದಿಬಿಡ್ತಾರೆ. ಪಹಣಿ ನೋಡುತ್ತಾ ಬೆಳೆದ ನಮ್ಮಂಥವರಿಗೆ ಗೊತ್ತು, ಅದು 470 ಎಕರೆ 19 ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಇದರಲ್ಲಿ ಒಂದು ಭಾಗವನ್ನು 1954ರಲ್ಲಿ ಸರ್ಕಾರವೇ ಮಂಜೂರು ಮಾಡಿತ್ತು. ಉಳಿದದ್ದನ್ನು ದಂಪತಿ ಖಾಸಗಿಯವರಿಂದ ಕೊಂಡಿದ್ದರು.

ಮಂಜೂರಾತಿ ಸಿಕ್ಕಿದ್ದು ಲಿನಾಲೋ ಬೆಳೆಯೋಕೆ. ಇದು ಮೆಕ್ಸಿಕೋ ಮೂಲದ ಮರ. ಅಲ್ಲಿ ಕಟ್ಟಿಗೆಯಿಂದ ಎಣ್ಣೆ ತೆಗೆದರೆ ನಮ್ಮಲ್ಲಿ ಕಾಯಿಯ ಸಿಪ್ಪೆಯಿಂದ ಭಟ್ಟಿ ಇಳಿಸ್ತಾರೆ. ಲ್ಯಾವೆಂಡರ್ ನೆನಪಿಸೋ ಘಮ, ಸೋಪು ಸೆಂಟುಗಳಿಗೆ ಬಳಕೆ. ಈ ಮರಕ್ಕೆ ಇನ್ನೊಂದು ಗುಣವೂ ಬಂತು. ಭೂ ಸುಧಾರಣಾ ಕಾಯ್ದೆಯ ಮಿತಿಯಿಂದ ಲಿನಾಲೋ ಬೆಳೆಯುವ ಜಮೀನಿಗೆ ವಿನಾಯಿತಿ ಇತ್ತು. ಹಾಗಾಗಿ ನೂರಾರು ಎಕರೆ ಒಟ್ಟಿಗೆ ಉಳಿಯಲು ಮರವೇ ಕಾವಲಾಯ್ತು.

ದಂಪತಿಗೆ ಮಕ್ಕಳಿರಲಿಲ್ಲ. ವಯಸ್ಸಾಗುತ್ತಾ ಬಂದಂತೆ ಆಸ್ತಿ ಯಾರ ಪಾಲಾಗುತ್ತೆ ಅನ್ನೋ ಪ್ರಶ್ನೆ ಎದ್ದಿತು. 1991 ಮತ್ತು 1992ರಲ್ಲಿ ಎಸ್ಟೇಟಿನ ಬಹುಪಾಲು ತನಗೆ ಕ್ರಯವಾಗಿದೆ ಅಂತ ಕಂಪನಿಯೊಂದು ಹೇಳಿತು. 1993ರ ಜನವರಿಯಲ್ಲಿ ರೋರಿಕ್ ತೀರಿಕೊಂಡರು. 1994ರ ಮಾರ್ಚ್ 8ರಂದು ಸರ್ಕಾರ ಲಿನಾಲೋ ವಿನಾಯಿತಿಯನ್ನ ವಾಪಸ್ ತಗೊಂಡಿತು. ಮರುದಿನ ದೇವಿಕಾ ರಾಣಿಯೂ ಹೋದರು.

1996ರಲ್ಲಿ ವಿಧಾನಮಂಡಲ ಈ ಒಂದೇ ಎಸ್ಟೇಟಿಗಾಗಿ ಕಾಯ್ದೆ ಮಾಡಿತು. ಉದ್ದೇಶ: ಮರಗಳನ್ನು ಉಳಿಸೋದು, ಕಲಾಕೃತಿಗಳನ್ನು ಕಾಪಾಡೋದು, ಕಲಾ ಗ್ಯಾಲರಿ ಮತ್ತು ಮ್ಯೂಸಿಯಂ ಸ್ಥಾಪಿಸೋದು. ಪರಿಹಾರ: 5 ಕೋಟಿ ರೂಪಾಯಿ. ಕಂಪನಿ ಕೋರ್ಟಿಗೆ ಹೋಯ್ತು. ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದವರೆಗೆ ಕೇಸು ನಡೆಯಿತು.

ಆಸ್ತಿ ಹಕ್ಕು ಮೊದಲು ಮೂಲಭೂತ ಹಕ್ಕಾಗಿತ್ತು. 1978ರ 44ನೇ ತಿದ್ದುಪಡಿ ಅದನ್ನು ಆ ಪಟ್ಟಿಯಿಂದ ತೆಗೆದು, ಕಾನೂನಿನ ಬಲವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ ಅನ್ನೋ 300ಎ ವಿಧಿಯನ್ನಷ್ಟೇ ಉಳಿಸಿತು. ಹಾಗಾದರೆ ಒಂದು ಕಾನೂನು ಮಾಡಿಬಿಟ್ಟರೆ ಸಾಕಾ? 2011ರ ಆಗಸ್ಟ್ 9ರಂದು ಪೀಠ ಉತ್ತರ ಕೊಟ್ಟಿತು. ಕರ್ನಾಟಕದ ಕಾಯ್ದೆಯನ್ನು ಎತ್ತಿಹಿಡಿಯಿತು. ಜೊತೆಗೆ ಸಾರ್ವಜನಿಕ ಉದ್ದೇಶ ಇರಲೇಬೇಕು, ಪರಿಹಾರ ಕೇಳುವ ಹಕ್ಕು 300ಎ ಒಳಗೇ ಅಡಗಿದೆ ಅಂತಲೂ ಹೇಳಿತು. ಕಂಪನಿ ಸೋತ ಕೇಸಿನಲ್ಲಿ ಸಾಮಾನ್ಯ ಜಮೀನುದಾರನಿಗೆ ಒಂದು ಆಸರೆ ಸಿಕ್ಕಿತು. ರಸ್ತೆಗೋ ಲೇಔಟಿಗೋ ಎರಡು ಎಕರೆ ಕಳಕೊಳ್ಳುವ ರೈತನ ವಕೀಲರು ಈ ತೀರ್ಪನ್ನ ಮುಂದಿಡಬಹುದು.

ಇಲ್ಲಿ ಅಪ್ಪ ರೋರಿಕ್ ನೆನಪಾಗ್ತಾರೆ. ಯುದ್ಧದ ನಡುವೆಯೂ ಮ್ಯೂಸಿಯಂ, ಶಾಲೆ, ಸ್ಮಾರಕಗಳಿಗೆ ರಕ್ಷಣೆ ಇರಬೇಕು ಅನ್ನೋದು ಅವರ ಹಟ. ಅವರ ಹೆಸರಿನ ರೋರಿಕ್ ಒಪ್ಪಂದಕ್ಕೆ 1935ರ ಏಪ್ರಿಲ್ 15ರಂದು ವಾಷಿಂಗ್ಟನ್‌ನಲ್ಲಿ ಅಮೆರಿಕ ಖಂಡಗಳ ದೇಶಗಳು ಸಹಿ ಹಾಕಿದವು. ಮಗನ ಮನೆಗೆ ಎದುರಾದದ್ದು ಯುದ್ಧವಲ್ಲ, ಬೆಳೆಯುತ್ತಿದ್ದ ಊರು. ಬೆಂಗಳೂರಿನ ಅಂಚಿನ ಎಕರೆಗೆ ಬೆಲೆ ಬಂದಮೇಲೆ ಚಿತ್ರ, ಮರ ಎರಡೂ ಅಡ್ಡಿಯಾಗಿ ಕಾಣೋಕೆ ಶುರುವಾಗುತ್ತವೆ.

ಸರ್ಕಾರ ಗೆದ್ದಿದ್ದು ಸರಿ ಅಂತ ನನಗನ್ನಿಸುತ್ತೆ. ಆದರೆ ಗೆದ್ದಿದ್ದು ಒಂದು ಮಾತು ಕೊಟ್ಟು: ಇಲ್ಲಿ ಮರ ಇರುತ್ತೆ, ಚಿತ್ರ ಇರುತ್ತೆ, ಜನ ಬಂದು ನೋಡಬಹುದು ಅಂತ. ಆ ಜಾಗದ ಒಂದು ಮೂಲೆಯನ್ನ ಬೇರೆ ಯಾವುದಕ್ಕಾದರೂ ಬಳಸೋಣ ಅಂತ ಯಾರೇ ಯಾವಾಗ ಹೊರಟರೂ, 1996ರ ಕಾಯ್ದೆಯ ಆ ಸಾಲುಗಳನ್ನ ತೆಗೆದು ತೋರಿಸುವ ಹಕ್ಕು ನಮಗಿದೆ. ಅಲ್ಲಿವರೆಗೆ ಅಪ್ಪ ಮಗ ಇಬ್ಬರ ಚಿತ್ರಗಳನ್ನೂ ನೋಡಬೇಕಂದರೆ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ಅವರ ಗ್ಯಾಲರಿ ಇದೆ. ಚಿತ್ರಸಂತೆಯ ಗದ್ದಲ ಇಲ್ಲದ ಒಂದು ದಿನ ನೋಡಿಕೊಂಡು ಹೋಗಿ.